ಕೇಳುವವರಿಲ್ಲದ ಪೀಠ

ಆಕಾಶವಾಣಿ ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯ ಅಧ್ಯಕ್ಷಪೀಠದ ವಿಚಾರವಾಗಿ ಈ ವಾರ ಹುಣಸೂರಿನಲ್ಲಿ ನಾಲ್ಕು ಜನರ ನಡುವೆ ಮಾತು ಬಂದಾಗ, ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಹಿರಿಯರೊಬ್ಬರು, ‘ಯಾರಾದ್ರೂ ಆಗ್ಲಿ ಬಿಡಿ ಸ್ವಾಮಿ, ಯಾವ ರಾಜ ಬಂದ್ರೂ ರಾಗಿ ಬೀಸೋದು ತಪ್ಪುತ್ತಾ?’ ಎಂದು ಆ ಪ್ರಸಂಗವನ್ನು ಅಲ್ಲಿಗೇ ಮುಗಿಸಿಬಿಟ್ಟರು. ಕುಳಿತಿದ್ದವರೆಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂದಿತು, ಅದು ಈ ಸಾಲುಗಳನ್ನು ಬರೆಯುವಾಗಲೂ ಇಳಿದಿಲ್ಲ. ರಾಗಿ ಬೀಸುವವರ ಹೆಸರಿನಲ್ಲಿ ಈ ಗಾದೆಯನ್ನು ಆಡುವವರು, ರಾಗಿ ಬೆಳೆಯುವವನಿಗೆ ಮಳೆಯ ಮುನ್ಸೂಚನೆಯನ್ನೂ ಮಾರುಕಟ್ಟೆಯ ವಾರ್ತೆಯನ್ನೂ ಬೇಸಾಯದ ಬುದ್ಧಿಮಾತನ್ನೂ ಅವನದೇ ಭಾಷೆಯಲ್ಲಿ ಮುಟ್ಟಿಸುವುದಕ್ಕೆಂದು ಸಾರ್ವಜನಿಕರ ಹಣದಿಂದ ನಡೆಯುತ್ತಿರುವ ಸಂಸ್ಥೆಯ ಯಜಮಾನಿಕೆಯು ಯಾರ ಕೈಗೆ, ಯಾವ ವಿಧಾನದಿಂದ, ಯಾವ ಪರೀಕ್ಷೆಯ ಅನಂತರ ಸೇರುತ್ತದೆಂಬುದನ್ನು ವಿಚಾರಿಸುವ ಶ್ರಮವನ್ನು ತಾವೂ ವಹಿಸದೆ, ವಿಚಾರಿಸಹೊರಟವನ ಬಾಯನ್ನೂ ಮುಚ್ಚಿಸುವುದು ವಿವೇಕವಲ್ಲ, ಆಲಸ್ಯ.

ಸಂಗತಿಯನ್ನು ವಾಚಕರು ಬಲ್ಲರು. ಎ. ಸೂರ್ಯಪ್ರಕಾಶರ ಅವಧಿಯು 2020ರ ಫೆಬ್ರವರಿಯಲ್ಲಿ ಮುಗಿದ ಮೇಲೆ ನಾಲ್ಕು ವರ್ಷಗಳ ಕಾಲ ಆ ಪೀಠವು ಬರಿದಾಗಿಯೇ ಇದ್ದು, 2024ರ ಮಾರ್ಚಿನಲ್ಲಿ ಉತ್ತರಪ್ರದೇಶದ ನಿವೃತ್ತ ಐಎಎಸ್ ಅಧಿಕಾರಿ ನವನೀತ್ ಕುಮಾರ್ ಸೆಹಗಲ್ ಅವರು ಅದನ್ನೇರಿದರು. ಅವಧಿಯು ಪೂರ್ಣವಾಗುವ ಮುನ್ನವೇ, 2025ರ ಡಿಸೆಂಬರಿನಲ್ಲಿ, ಇಳಿದರು. ಏರಿದುದರ ವಿಷಯದಲ್ಲಾಗಲಿ ಇಳಿದುದರ ವಿಷಯದಲ್ಲಾಗಲಿ ಅವರನ್ನು ಜನಪ್ರತಿನಿಧಿಗಳ ಸಮ್ಮುಖದಲ್ಲಿ ಕೂರಿಸಿ ಒಂದು ಪ್ರಶ್ನೆಯನ್ನು ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. 1990ರ ಪ್ರಸಾರ ಭಾರತಿ ಕಾಯಿದೆಯ ಪ್ರಕಾರ ಅಧ್ಯಕ್ಷರನ್ನು ಆರಿಸುವವರು ಮೂವರು: ರಾಜ್ಯಸಭೆಯ ಸಭಾಪತಿಗಳು, ಭಾರತೀಯ ಪತ್ರಿಕಾ ಮಂಡಲಿಯ ಅಧ್ಯಕ್ಷರು, ಮತ್ತು ರಾಷ್ಟ್ರಪತಿಗಳಿಂದ ನಾಮಕರಣಗೊಂಡ ಒಬ್ಬರು. ಮೂವರೂ ಗಣ್ಯರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಒಳಗೆ ಏನು ಕೇಳಿದರು, ಏನು ಉತ್ತರ ಬಂದಿತು, ಇನ್ನಾರ ಹೆಸರು ಪರಿಶೀಲನೆಗೆ ಬಂದಿತ್ತು ಎಂಬುದು ಹೊರಗಿರುವ ಶ್ರೋತೃಗಳಿಗೆ ತಿಳಿಯುವುದಿಲ್ಲ. ಅಧ್ಯಕ್ಷರಾಗುವವರು ಸಾರ್ವಜನಿಕ ಜೀವನದಲ್ಲಿ ಹೆಸರಾಂತವರಾಗಿರಬೇಕೆಂದು ಕಾಯಿದೆಯು ಹೇಳುತ್ತದೆ. ಹೆಸರು ಯಾವುದರಿಂದ ಬಂದಿರಬೇಕೆಂದು ಹೇಳುವುದಿಲ್ಲ.

ಇದನ್ನು ಬ್ರಿಟನ್ನಿನ ಪಶ್ಚಿಮ ಅಂಚಿನ ವೇಲ್ಸ್ ಎಂಬ ಪುಟ್ಟ ನಾಡಿನ ರೀತಿಯೊಡನೆ ಹೋಲಿಸಿ ನೋಡಬೇಕು. ಅಲ್ಲಿ ವೆಲ್ಷ್ ಭಾಷೆಗೆಂದೇ ಮೀಸಲಾದ ಎಸ್‌ಫೋರ್‌ಸಿ ಎಂಬ ಸಾರ್ವಜನಿಕ ದೂರದರ್ಶನ ವಾಹಿನಿಯೊಂದಿದೆ. ಅದು ಯಾರ ಕೃಪಾದಾನವೂ ಅಲ್ಲ. ವೆಲ್ಷ್ ವಾಹಿನಿಯನ್ನು ಕೊಡುವೆವೆಂದು 1979ರ ಚುನಾವಣೆಯಲ್ಲಿ ಮಾತುಕೊಟ್ಟಿದ್ದ ಕನ್ಸರ್ವೇಟಿವ್ ಪಕ್ಷವು ಅಧಿಕಾರಕ್ಕೆ ಬಂದೊಡನೆ ಆ ಮಾತಿಗೆ ತಪ್ಪಲಾಗಿ, ಪ್ಲೈಡ್ ಕಮ್ರಿ ಪಕ್ಷದ ವೃದ್ಧ ನಾಯಕ ಗ್ವಿನ್‌ಫೋರ್ ಎವಾನ್ಸರು 1980ರಲ್ಲಿ ಆಮರಣಾಂತ ಉಪವಾಸವನ್ನು ಘೋಷಿಸಿದರು. ಉಪವಾಸದ ದಿನವು ಬರುವುದಕ್ಕೆ ಮೊದಲೇ ಥ್ಯಾಚರ್ ಸರ್ಕಾರವು ಮಣಿಯಿತು. 1982ರ ನವೆಂಬರ್ 1ರಂದು, ನಾವು ಇಲ್ಲಿ ರಾಜ್ಯೋತ್ಸವದ ಬಾವುಟವನ್ನು ಏರಿಸುತ್ತಿದ್ದ ದಿನವೇ, ಆ ವಾಹಿನಿಯು ಆರಂಭವಾಯಿತು. ಇಷ್ಟು ಕಷ್ಟದಿಂದ ಗಳಿಸಿದ್ದನ್ನು ಅವರು ಕಣ್ಣುಮುಚ್ಚಿ ಯಾರದೋ ಕೈಗೆ ಒಪ್ಪಿಸುವುದಿಲ್ಲ. ಸಚಿವರು ಅಧ್ಯಕ್ಷಸ್ಥಾನಕ್ಕೆ ಒಬ್ಬರನ್ನು ಆರಿಸಿದರೆ, ಆ ವ್ಯಕ್ತಿಯು ಪೀಠವೇರುವ ಮುನ್ನ ಪಾರ್ಲಿಮೆಂಟಿನ ವೇಲ್ಸ್ ವ್ಯವಹಾರಗಳ ಸಮಿತಿಯ ಎದುರು ಬಂದು ಕುಳಿತು, ಬಹಿರಂಗವಾಗಿ ಉತ್ತರ ಹೇಳಬೇಕು. 2025ರಲ್ಲಿ ಡೆಲಿತ್ ಎವಾನ್ಸ್ ಎಂಬಾಕೆಯು ಹೀಗೆಯೇ ಬಂದು ಕುಳಿತರು. ಆಕೆ ಹಿಂದೆ ವೇಲ್ಸಿನ ಶಾಸನಸಭೆಯಲ್ಲಿ ಲೇಬರ್ ಪಕ್ಷದ ಸದಸ್ಯೆಯಾಗಿದ್ದವರು. ಹೆಸರನ್ನು ಸೂಚಿಸಿದ್ದು ಲೇಬರ್ ಸರ್ಕಾರ. ಇಂಥ ಸಂಬಂಧವನ್ನು ಮುಚ್ಚಿದ ಕೋಣೆಯಲ್ಲಿ ಬಿಡದೆ ಬೆಳಕಿಗೆ ತಂದು ತೂಗಿ ನೋಡುವುದಕ್ಕಾಗಿಯೇ ಆ ಸಮಿತಿ ಇರುವುದು. ಸಮಿತಿಯ ಅಭಿಪ್ರಾಯಕ್ಕೆ ಸಚಿವರು ಕಟ್ಟುಬಿದ್ದಿಲ್ಲವೆಂಬುದು ನಿಜ. ಹಾಗಿದ್ದ ಮೇಲೆ ಪ್ರಯೋಜನವೇನೆಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಅಭ್ಯರ್ಥಿಯು ಬಾಯಿಬಿಟ್ಟು ಆಡಿದ ಮಾತು ದಾಖಲೆಯಲ್ಲಿ ನಿಲ್ಲುತ್ತದೆ, ಮತ್ತು ಆ ಮಾತಿಗೆ ತಪ್ಪಿದ ದಿನ ಅದನ್ನು ಎತ್ತಿ ತೋರಿಸಬಹುದು.

2021ರ ಜನಗಣತಿಯಲ್ಲಿ ವೇಲ್ಸಿನಲ್ಲಿ ವೆಲ್ಷ್ ಬಲ್ಲವರ ಸಂಖ್ಯೆ ಸುಮಾರು 5 ಲಕ್ಷ 38 ಸಾವಿರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಜನಸಂಖ್ಯೆಯೇ 2011ರಲ್ಲಿ ಹತ್ತು ಲಕ್ಷವನ್ನು ದಾಟಿತ್ತು. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಅದೇ ಗಣತಿಯಲ್ಲಿ ದೇಶದಲ್ಲೆಲ್ಲ ಸೇರಿ 4 ಕೋಟಿ 37 ಲಕ್ಷ. ಇಷ್ಟು ಜನರ ಭಾಷೆಗೆ ಚಂದನವೆಂಬ ವಾಹಿನಿಯಿದೆ, ಮೈಸೂರು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಆಕಾಶವಾಣಿಯ ನಿಲಯಗಳಿವೆ. ಆದರೆ ಅವುಗಳಿಗೆ ತಮ್ಮದೇ ಆದ ಮಂಡಲಿಯಿಲ್ಲ, ತಮ್ಮದೇ ಆದ ಅಧ್ಯಕ್ಷರಿಲ್ಲ. ದೆಹಲಿಯ ಪೀಠದಲ್ಲಿ ಯಾರು ಕುಳಿತರೋ ಅವರೇ ನಮ್ಮ ಚಂದನಕ್ಕೂ ಅಧ್ಯಕ್ಷರು. ಆದುದರಿಂದ ಆ ಪೀಠವು ನಮಗೆ ದೂರದ್ದೆಂದು ಹೇಳುವವರು ಭೂಗೋಳವನ್ನು ಬಲ್ಲರೇ ಹೊರತು ಆಡಳಿತವನ್ನು ಬಲ್ಲವರಲ್ಲ.

ರೇಡಿಯೋ ಎಂದರೆ ಏನೆಂಬುದನ್ನು ನಾನು ಅರಿತದ್ದು ಪುಸ್ತಕದಿಂದಲ್ಲ. ಕಟ್ಟೆಮಳಲವಾಡಿಯ ಕಡೆಯ ಒಂದು ಊರಿನಲ್ಲಿ, ಹೊಗೆಸೊಪ್ಪು ಹದಗೊಳಿಸುವ ಕಾಲದಲ್ಲಿ, ಒಂದು ಸಂಜೆ ಬ್ಯಾರನ್ನಿನ ಮುಂದೆ ಕುಳಿತಿದ್ದೆನು. ಒಳಗೆ ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಸಾಲುಸಾಲಾಗಿ ತೂಗುತ್ತಿತ್ತು. ಹೊರಗೆ ಮನೆಯ ಯಜಮಾನನು ಒಲೆಗೆ ಸೌದೆಯನ್ನು ನೂಕುತ್ತ, ಆಗಾಗ ಎದ್ದು ಗೋಡೆಯ ಸಣ್ಣ ಗಾಜಿನಿಂದ ಒಳಗಿನ ಉಷ್ಣಮಾಪಕವನ್ನು ಟಾರ್ಚು ಹಾಕಿ ನೋಡುತ್ತಿದ್ದನು. ಐದಾರು ದಿನ ಹಗಲಿರುಳೂ ಆ ಉರಿಯನ್ನು ಕಾಯಬೇಕು. ಶಾಖವು ಹೆಚ್ಚಿದರೆ ಎಲೆ ಕರಗಾಗುತ್ತದೆ, ತಗ್ಗಿದರೆ ದಂಟಿನಲ್ಲಿ ನೀರು ಉಳಿಯುತ್ತದೆ, ಎರಡರಲ್ಲಿ ಯಾವುದಾದರೂ ಹರಾಜುಕಟ್ಟೆಯಲ್ಲಿ ವರ್ಷದ ದುಡಿಮೆಯ ಬೆಲೆ ಬಿದ್ದುಹೋಗುತ್ತದೆ. ಮೊಳೆಗೆ ನೇತುಹಾಕಿದ್ದ, ಹೊಗೆಯಿಂದ ಕಂದಿಹೋದ ರೇಡಿಯೋ ಮೆಲ್ಲನೆ ಮಾತಾಡುತ್ತಿತ್ತು. ನಾನು ಏನನ್ನೋ ಕೇಳಹೊರಟಾಗ ಆತನು ಕೈಯೆತ್ತಿ, ‘ಒಸಿ ಸುಮ್ಕಿರಿ ಸ್ವಾಮಿ, ಮಳೆ ಇಸ್ಯ ಯೋಳ್ತಾವ್ರೆ’ ಎಂದನು. ಮಾರನೆಯ ದಿನ ಹೊಲದಲ್ಲಿ ಮುಂದಿನ ಬ್ಯಾರನ್ನಿಗೆ ಸೊಪ್ಪು ಮುರಿಯಬೇಕೋ ಬೇಡವೋ, ಕೂಲಿಯಾಳುಗಳಿಗೆ ಹೇಳಿಕಳುಹಿಸಬೇಕೋ ಬೇಡವೋ ಎಂಬುದು ಆ ಒಂದು ವಾಕ್ಯದ ಮೇಲೆ ನಿಂತಿತ್ತು. ಆ ವಾಕ್ಯವು ಕನ್ನಡದಲ್ಲಿ ಬಂದಿತು; ನಮ್ಮ ಜಿಲ್ಲೆಯ ಮಳೆಯನ್ನು ಕುರಿತು ಬಂದಿತು. ಅದು ಹಾಗೆ ಬರುತ್ತಿರಬೇಕೋ ಬೇಡವೋ ಎಂಬುದನ್ನು, ಯಾವ ನಿಲಯಕ್ಕೆ ಎಷ್ಟು ಸಮಯ, ಎಷ್ಟು ಸಿಬ್ಬಂದಿ, ಎಷ್ಟು ಹಣ ಎಂಬುದನ್ನು ತೀರ್ಮಾನಿಸುವ ಅಧಿಕಾರವು ಕಟ್ಟಕಡೆಗೆ ದೆಹಲಿಯ ಆ ಮಂಡಲಿಯಲ್ಲಿದೆ. ನಿವೃತ್ತ ಉಪನ್ಯಾಸಕರು ಆ ಬ್ಯಾರನ್ನಿನ ಮುಂದೆ ಕುಳಿತು ತಮ್ಮ ಗಾದೆಯನ್ನು ಹೇಳಬಲ್ಲರೇ?

ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಹಕ್ಕಿದೆ ಎಂದು ನಾನು ಭಾವಿಸುತ್ತೇನೆ. 1935ರ ಸೆಪ್ಟೆಂಬರಿನಲ್ಲಿ, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಗಳು, ಮೈಸೂರಿನ ತಮ್ಮ ಸ್ವಂತ ಮನೆಯಲ್ಲಿ ಒಂದು ಸಣ್ಣ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬುದು ಆ ಮನೆಯ ನಿಲಯಕ್ಕೆ ಇಟ್ಟ ಹೆಸರು. ಕಾಲೇಜಿನ ಸಹೋದ್ಯೋಗಿ ನಾ. ಕಸ್ತೂರಿಯವರು ಅವರಿಗೆ ಹೆಗಲು ಕೊಟ್ಟರು. ಸರ್ಕಾರದ ಆಜ್ಞೆಯಿಂದಲ್ಲ, ಲಾಭದ ಆಸೆಯಿಂದಲೂ ಅಲ್ಲ, ಜ್ಞಾನವು ಗಾಳಿಯ ಮೂಲಕ ಜನರ ಮನೆಗೆ ಹೋಗಬೇಕೆಂಬ ಒಂದೇ ಹಂಬಲದಿಂದ ತಮ್ಮ ಸಂಪಾದನೆಯನ್ನು ಅದರಲ್ಲಿ ಸುರಿದ ಮಹನೀಯರು ಅವರು. ಮುಂದೆ, 1940ರ ದಶಕದ ಆರಂಭದಲ್ಲಿ, ಮೈಸೂರು ಸಂಸ್ಥಾನದ ಸರ್ಕಾರವು ಆ ನಿಲಯವನ್ನು ವಹಿಸಿಕೊಂಡಿತು; ಸ್ವಾತಂತ್ರ್ಯಾನಂತರ ಅದು ಕೇಂದ್ರಕ್ಕೆ ಸೇರಿತು. ಗೋಪಾಲಸ್ವಾಮಿಗಳನ್ನು ಯಾವ ಸಮಿತಿಯೂ ಪರೀಕ್ಷಿಸಲಿಲ್ಲವಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ಪರೀಕ್ಷೆ ಪ್ರತಿದಿನವೂ ನಡೆಯುತ್ತಿತ್ತು: ಕೇಳುವವರು ಅದೇ ಊರಿನವರು, ಅದೇ ಬೀದಿಯಲ್ಲಿ ಎದುರಾಗುವವರು, ಕಾರ್ಯಕ್ರಮವು ಹಿಡಿಸದಿದ್ದರೆ ಮುಖಕ್ಕೆ ಹೇಳಬಲ್ಲವರು. ನಿಲಯವು ಮೈಸೂರಿನಿಂದ ದೆಹಲಿಗೆ ಅಧೀನವಾದ ಮೇಲೆ ಬೀದಿಯಲ್ಲಿ ಹೇಳುವ ಆ ಅವಕಾಶವು ಹೋಯಿತು; ಅದಕ್ಕೆ ಬದಲಾಗಿ ಸಂಸತ್ತಿನಲ್ಲಿ ಕೇಳುವ ಅವಕಾಶವು ಬರಬೇಕಾಗಿತ್ತು. ಬರಲಿಲ್ಲ.

ಎಚ್.ಡಿ. ಕೋಟೆಯ ನೆರೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಜನಧ್ವನಿ ಎಂಬ ಸಮುದಾಯ ಬಾನುಲಿಯುಂಟು. ಕಾಡಂಚಿನ ಹಾಡಿಗಳವರೂ ಕಬಿನಿಯ ಮಗ್ಗುಲಿನ ರೈತರೂ ಕೇಳುವ ನಿಲಯವದು. ನಮ್ಮ ದೇಶದಲ್ಲಿ ಇಂಥ ಒಂದು ಹಳ್ಳಿಯ ಬಾನುಲಿಗೆ ಅನುಮತಿ ಸಿಕ್ಕಬೇಕಾದರೆ ಅರ್ಜಿದಾರರು ವಾರ್ತಾ ಮಂತ್ರಾಲಯದ ಪರಿಶೀಲನಾ ಸಮಿತಿಯನ್ನು ದಾಟಬೇಕು. ಗೃಹ ಮತ್ತು ರಕ್ಷಣಾ ಮಂತ್ರಾಲಯಗಳ ಒಪ್ಪಿಗೆ ಬೇಕು. ಅರ್ಧದಷ್ಟಾದರೂ ಕಾರ್ಯಕ್ರಮಗಳು ಸ್ಥಳೀಯ ಜನರಿಂದಲೇ ಸಿದ್ಧವಾಗಬೇಕೆಂಬ ನಿಯಮವಿದೆ. ಸ್ವಂತ ಸುದ್ದಿಯನ್ನು ಓದುವ ಅಧಿಕಾರವಂತೂ ಇಲ್ಲವೇ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದಷ್ಟೆ. ಹತ್ತು ಹದಿನೈದು ಕಿಲೋಮೀಟರಿನಾಚೆಗೆ ಕೇಳಿಸದ ದನಿಗೆ ಇಷ್ಟು ಪರೀಕ್ಷೆ; ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಕೇಳಿಸುವ ದನಿಯ ಒಡೆತನಕ್ಕೆ ಮುಚ್ಚಿದ ಬಾಗಿಲಿನ ಹಿಂದಿನ ಮೂರು ಕುರ್ಚಿ! ಇದಕ್ಕಿಂತ ದೊಡ್ಡ ಅಸಮತೆಯನ್ನು ನಮ್ಮ ಪ್ರಸಾರನೀತಿಯಲ್ಲಿ ನಾನು ಕಂಡಿಲ್ಲ.

ಕನ್ನಡಿಗರನ್ನೇ ಆ ಪೀಠದಲ್ಲಿ ಕೂರಿಸಬೇಕೆಂಬುದು ನನ್ನ ವಾದವಲ್ಲ. ಉಡುಪಿ ಸೀಮೆಯ ಎಂ.ವಿ. ಕಾಮತರೂ ಅದೇ ಸೀಮೆಯ ವಿಜ್ಞಾನಿ ಯು.ಆರ್. ರಾವ್ ಅವರೂ ಅಲ್ಲಿ ಕುಳಿತವರೇ. ಹುಟ್ಟೂರು ಯಾವುದಾದರೂ ಆಗಿರಲಿ. ದೇಶದ ನಾನಾ ಪ್ರದೇಶಗಳ ಭಾಷೆ ಸಂಸ್ಕೃತಿಗಳಿಗೆ ಸಾಕಷ್ಟು ಪ್ರಸಾರಾವಕಾಶವನ್ನು ಕಲ್ಪಿಸಬೇಕೆಂದು ಕಾಯಿದೆಯೇ ವಿಧಿಸಿರುವ ಕರ್ತವ್ಯವನ್ನು ಹೇಗೆ ನೆರವೇರಿಸುವಿರೆಂದು ಅವರನ್ನು ಮೊದಲೇ ಕೇಳಬೇಕೆಂಬುದು ನನ್ನ ವಾದ. ಬೆಂಗಳೂರಿನವರು ಇದನ್ನೋದಿ ದೆಹಲಿಯತ್ತ ಬೆರಳು ತೋರಿಸಿ ಸಂತೋಷಪಡಬಾರದು. ನಮ್ಮ ಕನ್ನಡದ ಪ್ರಾಧಿಕಾರ ಅಕಾಡೆಮಿಗಳ ಅಧ್ಯಕ್ಷರು ಸರ್ಕಾರದ ಒಂದು ಆದೇಶದಿಂದ ಬರುತ್ತಾರೆ, ಸರ್ಕಾರ ಬದಲಾದರೆ ಇನ್ನೊಂದು ಆದೇಶದಿಂದ ಹೋಗುತ್ತಾರೆ. ವಿಧಾನಮಂಡಲದ ಯಾವ ಸಮಿತಿಯೂ ಅವರನ್ನು ನೇಮಕಕ್ಕೆ ಮೊದಲು ಕರೆದು ಮಾತಾಡಿಸುವುದಿಲ್ಲ.

ಹೊಸ ಕಾಯಿದೆಯೊಂದನ್ನು ರಚಿಸಿರೆಂದು ಕೇಳಬೇಕಾದ ಸ್ಥಿತಿಯಿದ್ದರೆ ನನ್ನ ಅಸಮಾಧಾನವು ಇಷ್ಟು ತೀಕ್ಷ್ಣವಾಗುತ್ತಿರಲಿಲ್ಲ. ಕಾಯಿದೆ ಇದೆ. ಅದರ 13ನೆಯ ಕಲಮಿನಲ್ಲಿ, ಪ್ರಸಾರ ಭಾರತಿಯು ತನ್ನ ಕರ್ತವ್ಯವನ್ನು ಸರಿಯಾಗಿ ನಡೆಸುತ್ತಿದೆಯೇ ಎಂಬುದರ ಮೇಲ್ವಿಚಾರಣೆಗಾಗಿ ಇಪ್ಪತ್ತೆರಡು ಸಂಸತ್ಸದಸ್ಯರ ಸಮಿತಿಯೊಂದಿರತಕ್ಕದ್ದು, ಅವರಲ್ಲಿ ಹದಿನೈದು ಮಂದಿ ಲೋಕಸಭೆಯಿಂದಲೂ ಏಳು ಮಂದಿ ರಾಜ್ಯಸಭೆಯಿಂದಲೂ ಆಯಾ ಸಭೆಯ ಸದಸ್ಯರಿಂದಲೇ ಚುನಾಯಿತರಾಗತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿದೆ. ಕಾಯಿದೆಯು ಅಂಗೀಕೃತವಾದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಆ ಸಮಿತಿಯು ಮಾತ್ರ ಅಸ್ತಿತ್ವಕ್ಕೆ ಬರಲೇ ಇಲ್ಲ. 2014ರಲ್ಲಿ, ಪ್ರಸಾರ ಭಾರತಿಯ ಪರಿಶೀಲನೆಗೆಂದು ನೇಮಕವಾಗಿದ್ದ ಸ್ಯಾಮ್ ಪಿತ್ರೋಡಾ ಅವರ ತಂಡವು ಈ ಸಂಸದೀಯ ಸಮಿತಿಯನ್ನು ರಚಿಸಿರೆಂದು ಶಿಫಾರಸು ಮಾಡಿತು, ಆಮೇಲೂ ಆಗಲಿಲ್ಲ. ಈ ಲೋಪವನ್ನು ಒಂದು ಪಕ್ಷದ ತಲೆಗೆ ಕಟ್ಟುವಂತಿಲ್ಲ, ಏಕೆಂದರೆ ಈ ಅವಧಿಯಲ್ಲಿ ದೆಹಲಿಯಲ್ಲಿ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋಗಿವೆ. ಸಮಿತಿಯು ರಚಿತವಾದರೆ, ಪೀಠವೇರುವವರನ್ನು ವೇಲ್ಸಿನ ರೀತಿಯಲ್ಲಿ ಮೊದಲೇ ಕರೆಸಿ ಕೇಳುವ ಸಂಪ್ರದಾಯವನ್ನು ಅದು ಹಾಕಿಕೊಡಬಹುದು. ರಚಿತವಾಗದಿದ್ದರೆ ಕೇಳುವುದು ಯಾರು?

ನಮ್ಮ ನಾಲ್ಕು ತಾಲ್ಲೂಕುಗಳು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಹುಣಸೂರು ಪಿರಿಯಾಪಟ್ಟಣಗಳಿಗೆ ಭಾರತೀಯ ಜನತಾ ಪಕ್ಷದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರು ಸದಸ್ಯರು, ಕೆ.ಆರ್. ನಗರವು ಮಂಡ್ಯಕ್ಕೆ ಸೇರಿರುವುದರಿಂದ ಅದಕ್ಕೆ ಜಾತ್ಯತೀತ ಜನತಾದಳದ ಎಚ್.ಡಿ. ಕುಮಾರಸ್ವಾಮಿಯವರು, ಎಚ್.ಡಿ. ಕೋಟೆಗೆ ಚಾಮರಾಜನಗರದ ಕಾಂಗ್ರೆಸ್ ಸದಸ್ಯ ಸುನಿಲ್ ಬೋಸ್ ಅವರು. ಮೂರು ಪಕ್ಷಗಳೂ ನಮ್ಮ ಓಟನ್ನು ಪಡೆದಿವೆ. ಆದುದರಿಂದ ಇನ್ನೊಬ್ಬರತ್ತ ಕೈತೋರಿಸಿ ನುಣುಚಿಕೊಳ್ಳುವ ಮಾರ್ಗವು ಈ ಮೂವರಲ್ಲಿ ಯಾರಿಗೂ ಇಲ್ಲ. ಕುಮಾರಸ್ವಾಮಿಯವರು ಮಂತ್ರಿಗಳಾಗಿರುವುದರಿಂದ ಪ್ರಶ್ನೋತ್ತರದ ಸಮಯದಲ್ಲಿ ಕೇಳಲಾರರು, ಆದರೆ ಸಚಿವಸಂಪುಟದಲ್ಲಿ ಮಾತಾಡಬಲ್ಲರು. ಬೋಸ್ ಅವರು ವಿರೋಧಪಕ್ಷದಲ್ಲಿರುವುದರಿಂದ ಕೇಳುವುದೇ ಅವರ ಕೆಲಸ. ಯದುವೀರರಿಗಂತೂ ಇದು ಮನೆತನದ ಋಣ: ಗೋಪಾಲಸ್ವಾಮಿಗಳ ನಿಲಯವು ಮುಳುಗದಂತೆ ಕೈಹಿಡಿದದ್ದು ಅವರ ಪೂರ್ವಿಕರ ಸರ್ಕಾರ. 13ನೆಯ ಕಲಮಿನ ಪ್ರತಿಯೊಂದನ್ನು ಮೂವರ ಕಚೇರಿಗೂ ಅಂಚೆಯಲ್ಲಿ ಕಳುಹಿಸಿದ್ದೇನೆ. ಅದು ಒಂದು ಪುಟದ ಓದು. ಬಂದ ಉತ್ತರವನ್ನೂ, ಯಾರಿಂದ ಬರಲಿಲ್ಲವೆಂಬುದನ್ನೂ, ಹೆಸರು ಸಹಿತ ಇದೇ ಅಂಕಣದಲ್ಲಿ ಪ್ರಕಟಿಸುವೆನು.