ಆಟ ಮೊದಲು, ಮಣೆ ಆಮೇಲೆ

ಆಟಕ್ಕೆ ತಕ್ಕ ಮಣೆ ಎಂಬುದು ನಮ್ಮ ಮನೆಗಳಲ್ಲಿ ಬಹಳ ಹಳೆಯ ತಿಳಿವಳಿಕೆ. ಚೌಕಾಬಾರ ಆಡಬೇಕೆಂದರೆ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕ ಬರೆದು ನಾಲ್ಕು ಕವಡೆ ತಂದರಾಯಿತು. ಅಳಗುಳಿಮಣೆಗೆ ಹದಿನಾಲ್ಕು ಗುಳಿಗಳ ಮರದ ಮಣೆ ಬೇಕು, ಹಿಡಿಯಷ್ಟು ಹುಣಸೆಬೀಜ ಬೇಕು. ಪಗಡೆಗಾದರೋ ಹಾಸೂ ದಾಳವೂ ಬೇಕು. ಮೈಸೂರನ್ನಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಬಗೆಬಗೆಯ ಗಂಜೀಫದ ಆಟಗಳನ್ನು ವರ್ಣಿಸಿದ್ದಾರೆ. ಅಲ್ಲಿಯೂ ಕ್ರಮ ಇದೇ: ಆಟದ ಕಲ್ಪನೆ ಹೇಗೋ ಎಲೆಗಳ ಎಣಿಕೆ ಹಾಗೆ. ದುಬಾರಿಯ ಮಣೆಯೊಂದನ್ನು ಮೊದಲು ಮನೆಗೆ ತಂದಿಟ್ಟು, ‘ಇನ್ನು ಇದರ ಮೇಲೆ ಏನಾಡೋಣ?’ ಎಂದು ಯೋಚಿಸಿದ ಜಾಣರು ನಮ್ಮ ಹಿರಿಯರಲ್ಲಿ ಇದ್ದಂತೆ ಕಾಣೆ.

ಈ ಸರಳವಾದ ಕ್ರಮ ತಲೆಕೆಳಗಾಗಿರುವುದು ಈಚಿನ ಒಂದು ಆಟದ ಸಾಮಗ್ರಿಯಲ್ಲಿ. ಅದೇ ಗೇಮಿಂಗ್ ಕಂಪ್ಯೂಟರು. ಸರಸ್ವತಿಪುರವಾಗಲಿ ಕುವೆಂಪುನಗರವಾಗಲಿ, ಹದಿನೆಂಟು ಇಪ್ಪತ್ತರ ಮಕ್ಕಳಿರುವ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಊಟದ ಹೊತ್ತಿನಲ್ಲಿ ಏಳುತ್ತದೆ. ಸಿದ್ಧವಾದ ಯಂತ್ರ ಬೇಡ, ಭಾಗಗಳನ್ನು ಬಿಡಿಬಿಡಿಯಾಗಿ ತಂದು ನಾನೇ ಕಟ್ಟುತ್ತೇನೆ ಎಂಬುದು ಮಕ್ಕಳ ಹಟ. ಈ ಹಟವನ್ನು ನಾನು ತಪ್ಪೆನ್ನಲಾರೆ. ತಾನೇ ಕಟ್ಟಿದವನಿಗೆ ಯಂತ್ರದ ಒಳಗು ಗೊತ್ತಿರುತ್ತದೆ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಒಂದು ಹಳತಾದರೆ ಉಳಿದವನ್ನು ಇಟ್ಟುಕೊಂಡೇ ಅದನ್ನು ಹೊಸತು ಮಾಡಬಹುದು. ಆದರೆ ಕಟ್ಟುವ ಕೆಲಸ ಒಂದು ಮಧ್ಯಾಹ್ನದ್ದು; ಆರಿಸುವ ಕೆಲಸವೇ ನಿಜವಾದ ಕೆಲಸ. ಮಧ್ಯಮ ವರ್ಗದ ಸಂಸಾರದಲ್ಲಿ ಅದು ಹಲವು ತಿಂಗಳ ಉಳಿತಾಯದ ಪ್ರಶ್ನೆಯೂ ಹೌದು.

ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ತಾನು ಬರೆದ ಪಟ್ಟಿಯನ್ನು ತಂದು ತೋರಿಸಿದ. ತಾಯಿ ಚೀಟಿ ಕಟ್ಟಿ ಕೂಡಿಸಿದ ಹಣ ಅದು. ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಹೋಗಿತ್ತು. ಪವರ್ ಸಪ್ಲೈ ಎಂಬಲ್ಲಿ ‘ಯಾವುದಾದರೂ’ ಎಂದಿತ್ತು. ಪರದೆಯ ಸಾಲೇ ಇರಲಿಲ್ಲ. ಮನೆಯಲ್ಲಿರುವ ಹಳೆಯ ಮಾನಿಟರೇ ಸಾಕಂತೆ. ಆಡುವ ಆಟಗಳಾವುವು ಎಂದೆ. ‘ಕೌಂಟರ್ ಸ್ಟ್ರೈಕ್ ೨, ಆಮೇಲೆ ಕ್ರಿಕೆಟ್ಟು,’ ಎಂದ. ಮನೆಯವರು ಏನೆನ್ನುತ್ತಾರೆ ಎಂದೆ. ‘ಕೆಟ್ಟರೆ ಯಾರು ನೋಡುವವರು ಅಂತ ಅಮ್ಮ ಕೇಳುತ್ತಾರೆ, ಸಾರ್,’ ಎಂದು ನಕ್ಕ. ನಗುವ ಮಾತಲ್ಲ, ಪಟ್ಟಿಯಲ್ಲಿ ಉತ್ತರವಿರಬೇಕಾದ ಪ್ರಶ್ನೆಯೇ ಅದಾಗಿತ್ತು.

ಎಲ್ಲಿಂದ ಮೊದಲುಮಾಡಬೇಕು? ಆಟದಿಂದ, ಅದರ ಹಿಂದೆಯೇ ಪರದೆಯಿಂದ. ಪರದೆಯೆಂದರೆ ಚುಕ್ಕಿಗಳ ರಂಗವಲ್ಲಿ. ಸಾಮಾನ್ಯವಾದ ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕಿಗಳು, ಒಟ್ಟು ೨೦,೭೩,೬೦೦. ಅದರ ಮೇಲಿನ ತರಗತಿಯಾದ ೨೫೬೦ × ೧೪೪೦ರಲ್ಲಿ ೩೬,೮೬,೪೦೦. ‘ನಾಲ್ಕು ಕೆ’ ಎಂದು ಹೆಸರಾದ ೩೮೪೦ × ೨೧೬೦ರಲ್ಲಿ ೮೨,೯೪,೪೦೦. ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ಈ ರಂಗವಲ್ಲಿಯನ್ನು ಒಮ್ಮೆ ಹಾಕಿದರೆ ತೀರಲಿಲ್ಲ, ಸೆಕೆಂಡಿಗೆ ಹತ್ತಾರು ಬಾರಿ ಅಳಿಸಿ ಹಾಕಬೇಕು. ಸೆಕೆಂಡಿಗೆ ೬೦ ಚಿತ್ರಗಳೆಂದರೆ ಒಂದೊಂದಕ್ಕೆ ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು, ೧೪೪ ಚಿತ್ರಗಳೆಂದರೆ ಏಳು ಮಿಲಿಸೆಕೆಂಡಿಗೂ ಕಡಿಮೆ. ಸೆಕೆಂಡಿಗೆ ೬೦ ಬಾರಿ ಮಾತ್ರ ಬದಲಾಗಬಲ್ಲ ಹಳೆಯ ಪರದೆಯ ಮುಂದೆ ಇನ್ನೂರು ಚಿತ್ರಗಳನ್ನು ಬರೆಯಬಲ್ಲ ಕಾರ್ಡನ್ನು ತಂದು ಕೂರಿಸಿದರೆ, ಆ ಹೆಚ್ಚಳದ ಬಹುಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಪರದೆಯನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ನಡೆಯತಕ್ಕದ್ದು.

ಹಿಂದಕ್ಕೆ ನಡೆದರೆ ಎದುರಾಗುವವರು ಇಬ್ಬರು: ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡು. ಒಬ್ಬ ಸೂತ್ರಧಾರ, ಇನ್ನೊಬ್ಬ ಚಿತ್ರಕಾರ. ಚೆಂಡು ಎಲ್ಲಿ ಬಿತ್ತು, ಎದುರಾಳಿ ಯಾವ ಕಡೆ ತಿರುಗಿದ ಎಂದು ಲೆಕ್ಕಹಾಕಿ ಅಪ್ಪಣೆ ಕೊಡುವವನು ಸೂತ್ರಧಾರ. ಅದರಂತೆ ಚುಕ್ಕಿಚುಕ್ಕಿಗೂ ಬಣ್ಣ ತುಂಬುವವನು ಚಿತ್ರಕಾರ. ಸೂತ್ರಧಾರ ನಿಧಾನಿಯಾದರೆ ಚಿತ್ರಕಾರ ಕುಂಚ ಹಿಡಿದು ಸುಮ್ಮನೆ ಕುಳಿತಿರುತ್ತಾನೆ. ಚಿತ್ರಕಾರ ಬಡವನಾದರೆ ಸೂತ್ರಧಾರನ ಅಪ್ಪಣೆಗಳು ಸಾಲಾಗಿ ನಿಲ್ಲುತ್ತವೆ. ಕೌಂಟರ್ ಸ್ಟ್ರೈಕಿನಂಥ ಚುರುಕಿನ ಆಟಗಳು ಸೂತ್ರಧಾರನನ್ನೇ ಹೆಚ್ಚು ದುಡಿಸುತ್ತವೆ. ಕಾಡು, ಮಳೆ, ನೆರಳು, ನೀರಿನ ಮೇಲಣ ಬಿಂಬ ಇವುಗಳಿಂದ ಮೆರೆಯುವ ಕಥಾಪ್ರಧಾನ ಆಟಗಳಿಗೆ ಚಿತ್ರಕಾರ ಗಟ್ಟಿಯಾಗಿರಬೇಕು. ಅಂಗಡಿಗೆ ಹೋಗುವ ಮುನ್ನ ಆಟದ ಹೆಸರು ತಿಳಿದಿರಲಿ ಎನ್ನುವುದು ಇದಕ್ಕೇ.

ಇನ್ನು ಕೂಡಾವಳಿಯ ವಿಷಯ. ಇದು ಜಾತಕ ನೋಡುವ ಕೆಲಸಕ್ಕೆ ಸಮಾನ. ಒಂದು ವ್ಯತ್ಯಾಸವೆಂದರೆ ಇಲ್ಲಿ ಗಣಕೂಟ ಕೂಡದಿದ್ದರೆ ಶಾಂತಿ ಮಾಡಿಸಿ ಸರಿಪಡಿಸಲಾಗದು. ಪ್ರೊಸೆಸರು ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಎ.ಎಂ.ಡಿ. ಕಂಪನಿಯ ಎ.ಎಂ.೪ ಪೀಠದ ಪ್ರೊಸೆಸರು ೨೦೨೨ರಲ್ಲಿ ಬಂದ ಎ.ಎಂ.೫ ಪೀಠದಲ್ಲಿ ಕೂರಲಾರದು. ಇಂಟೆಲ್ ಪ್ರೊಸೆಸರು ಇವೆರಡರಲ್ಲಿಯೂ ಕೂರಲಾರದು. ಎ.ಎಂ.೫ ಮದರ್‌ಬೋರ್ಡಿಗೆ ಡಿ.ಡಿ.ಆರ್.೫ ಎಂಬ ರ್‍ಯಾಮ್ ಮಾತ್ರ ಸಲ್ಲುತ್ತದೆ. ಇಂಟೆಲ್‌ನ ೧೭೦೦ ಪೀಠದ ಬೋರ್ಡುಗಳಲ್ಲಿ ಕೆಲವಕ್ಕೆ ಡಿ.ಡಿ.ಆರ್.೪, ಕೆಲವಕ್ಕೆ ಡಿ.ಡಿ.ಆರ್.೫. ಎರಡರ ಕಚ್ಚುಗಳೂ ಬೇರೆಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರ ಗೂಡಿಗೆ ಇಳಿಯದು. ಬಲವಂತ ಮಾಡಿದರೆ ಮುರಿದೀತು, ಅಷ್ಟೆ.

ಒಂದು ಅಕ್ಷರದ ಮಹಿಮೆಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಚಿತ್ರಕಾರನಿಲ್ಲವೆಂದು ಅರ್ಥ. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದೆ ಪರದೆಯ ಮೇಲೆ ಏನೂ ಮೂಡದು. ಎ.ಎಂ.ಡಿ.ಯ ರೈಜನ್ ೫ ೮೬೦೦ಜಿ ಎಂಬಂತೆ ಕೊನೆಗೆ ‘ಜಿ’ ಇದ್ದರೆ ಒಳಗಿನ ಚಿತ್ರಕಾರ ತಕ್ಕಮಟ್ಟಿಗೆ ಸಮರ್ಥ. ಕೈಯಲ್ಲಿ ಹಣ ಸಾಲದವರು ಇಂಥದನ್ನು ತೆಗೆದುಕೊಂಡು, ಹಗುರವಾದ ಆಟಗಳನ್ನು ಆಡಿಕೊಂಡಿದ್ದು, ವರ್ಷ ಕಳೆದ ಮೇಲೆ ಕಾರ್ಡನ್ನು ಸೇರಿಸಿಕೊಳ್ಳಬಹುದು. ಮನೆಯನ್ನು ಕಟ್ಟಿ, ಮೇಲಿನ ಅಂತಸ್ತನ್ನು ಮುಂದಕ್ಕಿಟ್ಟುಕೊಂಡಂತೆ. ಸಾಲ ಮಾಡಿ ಒಮ್ಮೆಗೇ ಎಲ್ಲವನ್ನೂ ತರುವುದಕ್ಕಿಂತ ಇದು ಮೇಲು.

ರ್‍ಯಾಮ್ ಎಂಬುದು ಬರೆಯುವ ಮೇಜು, ಎಸ್.ಎಸ್.ಡಿ. ಎಂಬುದು ಕಪಾಟು. ಕಪಾಟಿನಲ್ಲಿರುವ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಲ್ಲದೆ ಓದಲಾಗದು. ಮೇಜು ಚಿಕ್ಕದಾದರೆ ಎತ್ತಿಡುವುದರಲ್ಲೇ ಹೊತ್ತು ಹೋಗುತ್ತದೆ. ಹದಿನಾರು ಗಿಗಾಬೈಟಿನ ಮೇಜು ಆರಂಭಕ್ಕೆ ಸಾಕು; ಅದನ್ನು ಎಂಟೆಂಟರ ಎರಡು ಪಟ್ಟಿಗಳಾಗಿ ಕೊಂಡರೆ ಎರಡು ದಾರಿಗಳಲ್ಲಿ ಸಾಮಾನು ಸಾಗುತ್ತದೆ, ವೇಗ ಹೆಚ್ಚುತ್ತದೆ. ಕೃತಕ ಬುದ್ಧಿಮತ್ತೆಯ ಯಂತ್ರಾಲಯಗಳ ಬೇಡಿಕೆಯಿಂದಾಗಿ ೨೦೨೫ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಹೀಗಿರುವಾಗ ಹಿಂದಿನ ವರ್ಷದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊರಡುವುದು ವ್ಯರ್ಥ. ಅಂಗಡಿಗೆ ಹೋಗುವ ವಾರದಲ್ಲಿಯೇ ಬೆಲೆಗಳನ್ನು ಹೊಸದಾಗಿ ವಿಚಾರಿಸಿಕೊಳ್ಳಬೇಕು.

ಈಗ ‘ಯಾವುದಾದರೂ’ ಎಂದು ಬರೆಯಲ್ಪಡುವ ಆ ಬಡ ಪವರ್ ಸಪ್ಲೈಯ ಸರದಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದು ‘ಆಕಾಶವಾಣಿ’ ಎಂಬ ಹೆಸರಿಗೆ ಜೀವ ಕೊಟ್ಟರು. ಅವರ ಮೊದಲ ಪ್ರಸಾರಯಂತ್ರದ ಶಕ್ತಿ ೩೦ ವ್ಯಾಟು. ಮನೆಯೊಳಗೆ ಯಂತ್ರ ಹೂಡುವ ಹುಚ್ಚು ಮೈಸೂರಿಗೆ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ. ಇಂದು ಮಧ್ಯಮ ತರಗತಿಯ ಗ್ರಾಫಿಕ್ಸ್ ಕಾರ್ಡ್ ಒಂದೇ ಅದರ ಮೂರು ನಾಲ್ಕು ಪಟ್ಟು ಶಕ್ತಿಯನ್ನು ನುಂಗುತ್ತದೆ: ಎನ್ವಿಡಿಯಾ ಕಂಪನಿ ೨೦೨೩ರಲ್ಲಿ ತಂದ ಆರ್.ಟಿ.ಎಕ್ಸ್. ೪೦೬೦ಕ್ಕೆ ೧೧೫ ವ್ಯಾಟು ಬೇಕು. ಒಟ್ಟು ಯಂತ್ರಕ್ಕೆ ೫೫೦ ವ್ಯಾಟಿನ ಪವರ್ ಸಪ್ಲೈ ಇರಲಿ ಎಂದು ಕಂಪನಿಯೇ ಸಲಹೆ ಕೊಟ್ಟಿದೆ.

ಆದರೆ ಪೆಟ್ಟಿಗೆಯ ಮೇಲಣ ದಪ್ಪಕ್ಷರದ ಅಂಕಿಯೊಂದನ್ನೇ ನಂಬಬಾರದು. ಪಕ್ಕದಲ್ಲಿ ಅಂಟಿಸಿರುವ ಕೋಷ್ಟಕವನ್ನು ಓದಬೇಕು. ಪ್ರೊಸೆಸರಿಗೂ ಕಾರ್ಡಿಗೂ ಊಟ ಬಡಿಸುವುದು ೧೨ ವೋಲ್ಟಿನ ಸಾಲು. ಅಲ್ಲಿ ೪೫ ಆಂಪಿಯರ್ ಎಂದಿದ್ದರೆ ೧೨ ಗುಣಿಸು ೪೫, ಅಂದರೆ ೫೪೦ ವ್ಯಾಟು. ೫೫೦ ಎಂಬ ಮಾತು ನಂಬಿಕೆಗೆ ಅರ್ಹ. ಅಲ್ಲಿ ೨೫ ಎಂದಿದ್ದರೆ ಬರುವುದು ೩೦೦ ಮಾತ್ರ. ಮಿಕ್ಕದ್ದು ಕಾಗದದ ಮೇಲಿನ ಶಕ್ತಿ. ‘೮೦ ಪ್ಲಸ್’ ಎಂಬ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗದೆ ಉಳಿಯುತ್ತದೆಂಬುದನ್ನು ಹೇಳುತ್ತದೆಯೇ ಹೊರತು, ಎಷ್ಟು ಕಾಲ ಬಾಳುತ್ತದೆಂಬುದನ್ನಲ್ಲ. ಪವರ್ ಸಪ್ಲೈ ಕಳಪೆಯಾದರೆ ತಾನು ಕೆಡುವುದಷ್ಟೇ ಅಲ್ಲ, ಜೊತೆಯವರನ್ನೂ ಕೆಡಿಸಬಹುದು. ಮನೆಯ ಸಾಕೆಟ್ಟಿನ ಮೂರನೆಯ ತೂತಿಗೆ ಭೂಸಂಪರ್ಕ ನಿಜವಾಗಿ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನನಿಂದ ಒಮ್ಮೆ ಪರೀಕ್ಷಿಸಿಕೊಳ್ಳಿ. ಮುಂಗಾರಿನ ಮೊದಲ ಗುಡುಗಿನ ಸಂಜೆಗಳಲ್ಲಿ ದೀಪ ಹೋಗಿ ಬಂದು ಆಡುವಾಗ ಸಣ್ಣದೊಂದು ಯು.ಪಿ.ಎಸ್. ಇದ್ದರೆ ಯಂತ್ರಕ್ಕೂ ನೆಮ್ಮದಿ, ಮನೆಯವರಿಗೂ ನೆಮ್ಮದಿ.

ಹೊರಗವಚದ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಬಣ್ಣದ ದೀಪಗಳು ದಸರೆಯ ಅರಮನೆಗೆ ಶೋಭೆ. ಯಂತ್ರಕ್ಕೆ ಬೇಕಾದದ್ದು ಗಾಳಿ. ಮುಂದೆ ಗಾಜು ಮುಚ್ಚಿದ ಡಬ್ಬಿಗಿಂತ ಜಾಲರಿಯ ಡಬ್ಬಿ, ಅದಕ್ಕೊಂದು ಧೂಳಿನ ಸೋಸುಕ ಇದ್ದರೆ ಮೈಸೂರಿನ ಏಪ್ರಿಲ್ ತಿಂಗಳನ್ನು ಸುಖವಾಗಿ ಕಳೆಯಬಹುದು.

ಎಲ್ಲಿ ಕೊಳ್ಳಬೇಕು? ನಮ್ಮೂರಿನ ಅಂಗಡಿಗಳಿವೆ, ಬೆಳಗಿನ ರೈಲು ಹತ್ತಿದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯೂ ಇದೆ. ಎಸ್.ಪಿ. ರೋಡೆಂದು ಖ್ಯಾತವಾದ ಆ ಇಕ್ಕಟ್ಟಿನ ಬೀದಿಯಲ್ಲಿ ಒಂದು ಭಾಗಕ್ಕೆ ನಾಲ್ಕು ಬೆಲೆ ಕೇಳಿಬಂದೀತು. ಅಗ್ಗವೆಂದು ಬಿಲ್ಲಿಲ್ಲದೆ ಕೊಳ್ಳುವುದು ಮಾತ್ರ ಉಳಿತಾಯವಲ್ಲ, ಜಿ.ಎಸ್.ಟಿ. ೧೮ ಪ್ರತಿಶತ ಸೇರಿದರೂ ಬಿಲ್ಲು ಕೈಯಲ್ಲಿದ್ದರೆ ವಾರಂಟಿಯ ಹಕ್ಕು ನಮ್ಮದಾಗಿರುತ್ತದೆ. ವಿಂಡೋಸಿನ ಬೆಲೆಯನ್ನೂ ಪಟ್ಟಿಯಲ್ಲಿ ಸೇರಿಸಿ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿರುವುದರಿಂದ ಹೊಸ ಯಂತ್ರಕ್ಕೆ ಅದರ ಮುಂದಿನದೇ ತಕ್ಕದ್ದು.

ಆ ವಿದ್ಯಾರ್ಥಿಯ ಪಟ್ಟಿ ಏನಾಯಿತೆಂದು ಓದುಗರು ಕೇಳಿಯಾರು. ವಾರವೊಂದು ಕಳೆದ ಮೇಲೆ ಅವನು ಅದನ್ನು ಹೊಸದಾಗಿ ಬರೆದು ತಂದ. ಗ್ರಾಫಿಕ್ಸ್ ಕಾರ್ಡು ಒಂದು ಮೆಟ್ಟಿಲು ಕೆಳಗಿಳಿದಿತ್ತು. ಆ ಹಣದಲ್ಲಿ ಸೆಕೆಂಡಿಗೆ ೧೪೪ ಚಿತ್ರಗಳ ಪರದೆಯೂ ಒಳ್ಳೆಯ ಪವರ್ ಸಪ್ಲೈಯೂ ಬಂದಿದ್ದವು. ಹಾಳೆಯ ಬಲಬದಿಯಲ್ಲಿ ಅವನು ಇನ್ನೊಂದು ಅಂಕಣ ಎಳೆದಿದ್ದ: ಒಂದೊಂದು ಭಾಗಕ್ಕೂ ಎಷ್ಟು ವರ್ಷದ ವಾರಂಟಿ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು. ತಂಗಿಯ ಚಿತ್ರರಚನೆಗೆ ಸಂಜೆ ಒಂದು ಗಂಟೆ ಎಂದೂ ಅಡಿಯಲ್ಲಿ ಬರೆದಿತ್ತು. ಆ ಕೈಬರಹ ಅವನದಲ್ಲ. ಹಾಳೆಯನ್ನು ನೋಡಿ ತಾಯಿ ಹಣ ಕೊಟ್ಟರಂತೆ.

ತಂದೆತಾಯಿಗಳಿಗೆ ನನ್ನ ಬಿನ್ನಹ ಇಷ್ಟೆ. ಆಟವಾಡುವ ಕಾಲದ ಮಿತಿಯನ್ನು ನೀವು ಗೊತ್ತುಮಾಡಿ, ಅದು ನಿಮ್ಮ ಅಧಿಕಾರ. ಆದರೆ ಪಟ್ಟಿಯನ್ನು ಮಕ್ಕಳೇ ಬರೆಯಲಿ. ಒಂದೊಂದು ಸಾಲಿಗೂ ‘ಇದು ಏಕೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಇರುವ ಹಣವನ್ನು ಎಂಟು ಭಾಗಗಳಿಗೆ ಹಂಚಿ, ಯಾವುದಕ್ಕೂ ಅನ್ಯಾಯವಾಗದಂತೆ ನೋಡಿಕೊಳ್ಳುವ ವಿದ್ಯೆ ಮುಂದೆ ಸಂಸಾರ ಹೂಡುವವರಿಗೆ ಬೇಕಾದದ್ದೇ. ಹದಿನೆಂಟರ ಹುಡುಗನೋ ಹುಡುಗಿಯೋ ಕಣ್ಣಿಗೆ ಕಾಣದ ಪವರ್ ಸಪ್ಲೈಗಾಗಿ ಕಣ್ಣು ಸೆಳೆಯುವ ದೀಪಗಳನ್ನು ಬಿಟ್ಟುಕೊಟ್ಟ ದಿನ, ಆ ಯಂತ್ರ ಇನ್ನೂ ಅಂಗಡಿಯಲ್ಲಿರುವಾಗಲೇ ಅದರ ಬೆಲೆ ಅರ್ಧ ಸಂದಿತೆಂದು ತಿಳಿಯಬಹುದು. ಹಾಳೆಯ ತಲೆಯ ಮೇಲೆ ಮಾತ್ರ ಯಾವ ಭಾಗದ ಹೆಸರೂ ಬೇಡ. ಅಲ್ಲಿ ಆಡಬೇಕೆಂದಿರುವ ಮೂರು ಆಟಗಳ ಹೆಸರಿರಲಿ.