ಜಲಪಾತದ ಹಾಡಿಗೆ ಸೈಕಲ್ಲಿನ ದಾರಿ

ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ಧುಮುಕುವ ನೀರು ಬಹುಪಾಲು ಮಲೆಯ ನೀರು. ತಲಕಾವೇರಿಯ ಸುತ್ತಣ ಬೆಟ್ಟಗಳಲ್ಲಿ, ಮೂಡಿಗೆರೆ-ಸಕಲೇಶಪುರಗಳ ಹೇಮಾವತಿ ಕಣಿವೆಯಲ್ಲಿ, ವಯನಾಡಿನ ಕಬಿನಿಯ ಮೇಲ್ದಂಡೆಯಲ್ಲಿ ಮುಂಗಾರಿನಂದು ಸುರಿದ ಮಳೆಯೇ ಅಣೆಕಟ್ಟುಗಳನ್ನು ದಾಟಿ ಶಿವನಸಮುದ್ರದ ಬಂಡೆಗಳ ಮೇಲೆ ಇಳಿಯುತ್ತದೆ. 2023ರಲ್ಲಿ ಆ ಮಳೆ ಕೈಕೊಟ್ಟಾಗ ಮಂಡ್ಯದ ರೈತರು ಕಾವೇರಿ ನೀರಿಗಾಗಿ ಬೀದಿಗಿಳಿದರು. ಮರುವರ್ಷದ ಜುಲೈನಲ್ಲಿ ಕೃಷ್ಣರಾಜಸಾಗರ ತುಂಬಿತು. ಸೆಪ್ಟೆಂಬರ್ 14 ಮತ್ತು 15ರಂದು ಗಗನಚುಕ್ಕಿ ಜಲಪಾತೋತ್ಸವವೂ ಹಾಡು, ಕುಣಿತ, ದೀಪಾಲಂಕಾರಗಳೊಡನೆ ನಡೆಯಿತು. ಬಯಲುಸೀಮೆಯ ಉತ್ಸವದ ಚಿಂತೆ ಗುಡ್ಡಗಾಡಿನ ಪತ್ರಿಕೆಗೇಕೆ ಎನ್ನುವವರಿಗೆ ಇಷ್ಟು ಪೀಠಿಕೆ ಸಾಕು.

ಉತ್ಸವಗಳನ್ನು ಪರಿಸರಸ್ನೇಹಿಯಾಗಿಸುವ ಮಾತು ಬಂದಾಗಲೆಲ್ಲ ಚರ್ಚೆ ತಟ್ಟೆ-ಲೋಟಗಳಲ್ಲಿಯೇ ನಿಂತುಬಿಡುತ್ತದೆ. ಅದು ಸಣ್ಣ ವಿಷಯವಲ್ಲ. ಹೊಳೆಯ ಕೆಳಭಾಗದಲ್ಲಿ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮವಿದೆ; ಮೇಲೆ ಎಸೆದದ್ದು ಅಲ್ಲಿಗೇ ಹೋಗುತ್ತದೆ. ಆದರೆ ರಾಜ್ಯ ಸರ್ಕಾರ 2016ರಲ್ಲಿ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಇಂಥ ಒಂದೇ ಬಳಕೆಯ ಪ್ಲಾಸ್ಟಿಕ್ಕನ್ನು ನಿಷೇಧಿಸಿವೆ. ನಿಷೇಧಿತ ವಸ್ತುವನ್ನು ಉತ್ಸವದ ಬಯಲಿಗೆ ಬಿಡದಿರುವುದು ಆಡಳಿತದ ಕರ್ತವ್ಯ. ಅದಕ್ಕೆ 'ಹಸಿರು ಉತ್ಸವ' ಎಂಬ ಬಿರುದು ಬೇಕಿಲ್ಲ. ಬಾಳೆಯೆಲೆ, ಮುತ್ತುಗದೆಲೆಗಳನ್ನು ಬಲ್ಲ ಸೀಮೆಯಲ್ಲಿ ಥರ್ಮಾಕೋಲ್ ತಟ್ಟೆ ಕಾಣಿಸಿಕೊಳ್ಳುವುದೇ ಸೋಜಿಗ.

ಹೊರೆಯ ದೊಡ್ಡ ಪಾಲು ಇರುವುದು ಬೇರೆಡೆಯಲ್ಲಿ. ಬ್ರಿಟನ್ನಿನ ಬಯಲು ಸಂಗೀತೋತ್ಸವಗಳ ಲೆಕ್ಕ ತೆಗೆದವರು, ವೇದಿಕೆ, ದೀಪ, ಅಡುಗೆ ಎಲ್ಲವನ್ನೂ ಮೀರಿಸಿ ಪ್ರೇಕ್ಷಕರ ಪ್ರಯಾಣವೇ ಅತಿ ಹೆಚ್ಚು ಇಂಗಾಲ ಉಗುಳುತ್ತದೆಂದು ಕಂಡುಕೊಂಡಿದ್ದಾರೆ. ಅಲ್ಲಿ ಕೆಲವು ಉತ್ಸವಗಳಿಗೆ ಜನ ಗುಂಪುಗಟ್ಟಿ ಸೈಕಲ್ಲಿನಲ್ಲಿ ಹೋಗುವ ಪರಿಪಾಠ ಬೆಳೆದಿರುವುದು ಈ ಕಾರಣಕ್ಕೆ. ಇಲ್ಲಿಯ ಲೆಕ್ಕವನ್ನು ಯಾವ ವಿದ್ಯಾರ್ಥಿಯೂ ಹಾಕಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಮಂಡ್ಯದಿಂದ ಗಗನಚುಕ್ಕಿಗೆ ಹೋಗಿಬರಲು ಹತ್ತಿರ ಹತ್ತಿರ 120 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು 8 ಲೀಟರ್ ಕುಡಿದು, 18 ಕಿಲೋಗೂ ಮಿಕ್ಕಿ ಉಗುಳುತ್ತದೆ. ಒಳಗೆ ನಾಲ್ವರಿದ್ದರೂ ಒಬ್ಬನೇ ಇದ್ದರೂ ಸರಿಸುಮಾರು ಅಷ್ಟೇ. ಕೆಲವೇ ಗ್ರಾಂ ತೂಗುವ ಲೋಟವನ್ನು ತ್ಯಜಿಸಿದ ಸಮಾಧಾನದಲ್ಲಿ ಈ 18 ಕಿಲೋ ಮರೆತುಹೋಗುತ್ತದೆ.

ಸೈಕಲ್ಲಿಗೆ ಮಂಡ್ಯ, ಮದ್ದೂರು, ಮಳವಳ್ಳಿಗಳಷ್ಟು ಒಪ್ಪುವ ನೆಲ ಅಪರೂಪ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಸೈಕಲ್ ತಳ್ಳಿ ಬೆವರಿದವರಿಗೆ ಇದು ಬೇಗ ಅರ್ಥವಾದೀತು. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್, ಮಳವಳ್ಳಿ ಸುಮಾರು 610, ನಡುವೆ ಘಾಟಿಯೆಂಬುದಿಲ್ಲ. ಮದ್ದೂರು ರೈಲು ನಿಲ್ದಾಣದಿಂದ ಮಳವಳ್ಳಿಯ ಮೇಲೆ ಜಲಪಾತಕ್ಕೆ ಸುಮಾರು 45 ಕಿಲೋಮೀಟರ್. ಗಂಟೆಗೆ 15ರಂತೆ ತುಳಿದರೆ ಮೂರು ತಾಸು. ದೂರ ಕ್ರಮಿಸಿ ಹಾಡಿಗೆ ಕೂಡುವುದೂ ಈ ಸೀಮೆಗೆ ಹೊಸದಲ್ಲ. ಮಹಾಶಿವರಾತ್ರಿಗೆ ಮಲೆಮಹದೇಶ್ವರ ಬೆಟ್ಟಕ್ಕೆ ಕಂಸಾಳೆಯ ಪದಗಳೊಡನೆ ಇಲ್ಲಿಯ ಜನ ಇಂದಿಗೂ ನಡೆದೇ ಹೋಗುತ್ತಾರೆ. ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರ ಇದೇ ಮಳವಳ್ಳಿ ತಾಲ್ಲೂಕಿನಲ್ಲಿದೆ. ನೀಲಗಾರರ ಕಾವ್ಯ ಊರಿಂದೂರಿಗೆ ಸಾಗಿದ್ದು ಕಾಲ್ನಡಿಗೆಯಲ್ಲಿ. 2006-07ರಿಂದ ಕೋವಿಡ್ ಕಾಲದವರೆಗೆ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತ್ತು. ಆ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ಹಳ್ಳಿಯ ಜಗುಲಿಗಳಿಗೆ ಒರಗಿ ನಿಂತಿವೆ.

ಹೀಗಿದ್ದೂ, 'ಸೈಕಲ್ಲಿನಲ್ಲಿ ಬನ್ನಿ' ಎಂದು ಯುವಜನರಿಗೆ ಉಪದೇಶಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥಗಳು ಅದೇ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಮುಚ್ಚಿದವು. ಸೈಕಲ್ಲಿಗಂತೂ ಅಲ್ಲಿ ಎಡೆಯೇ ಇಲ್ಲ. ವೇಗದ ವಾಹನಗಳ ನಡುವೆ ಸೈಕಲ್ ಬೇಡವೆಂಬುದು ಸರಿ. ಆದರೆ ಪರ್ಯಾಯವಾಗಿ ಸಿಕ್ಕಿದ್ದು ಎಲ್ಲ ನಿಧಾನದ ವಾಹನಗಳೂ ಒತ್ತೊತ್ತಾಗಿ ಸಾಗುವ ಸೇವಾ ರಸ್ತೆ. ಒಳದಾರಿಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ, ಬದಿಗೆ ಚಾಚಿದ ಜಲ್ಲೆಗಳೊಡನೆ ಕತ್ತಲಲ್ಲಿ ಸಾಗುತ್ತವೆ. ನಾಲೆಯ ಏರಿಗಳಿಗೆ ಎಷ್ಟೋ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತದ್ದು ಹಗಲು ಹೊತ್ತಿನಲ್ಲಿ. ಉತ್ಸವ ಮುಗಿದ ನಡುರಾತ್ರಿ ಹದಿನೆಂಟರ ಹುಡುಗನನ್ನು ಆ ದಾರಿಗೆ ಬಿಡುವ ತಂದೆ-ತಾಯಿ ಇರಲಾರರು, ಇರಬೇಕಾಗಿಯೂ ಇಲ್ಲ.

ಆದಕಾರಣ ಬದಲಾಗಬೇಕಾದದ್ದು ಮೊದಲು ವೇಳಾಪಟ್ಟಿ. ಜಲಪಾತ ಕಾಣುವುದು ಹಗಲಿನಲ್ಲಿ. ಅದರ ಮುಂದಿನ ಸಂಗೀತವೂ ಮಧ್ಯಾಹ್ನ ಆರಂಭವಾಗಿ ಮುಸ್ಸಂಜೆಗೆ ಮುಗಿಯಬಾರದೇಕೆ? 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರ ನಂತರ ಧ್ವನಿವರ್ಧಕವನ್ನು ಹೇಗೂ ತಡೆಯುತ್ತವೆ. ಹಗಲಿನ ಕಛೇರಿಗೆ ದೀಪದ ಹೊರೆಯೂ ಇಳಿಯುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ತು ಕೊಟ್ಟದ್ದು ಶಿವನಸಮುದ್ರ. ಅಂಥ ಜಾಗದಲ್ಲಿ ಡೀಸೆಲ್ ಜನರೇಟರ್ ಗುಡುಗಿದರೆ ಅದಕ್ಕಿಂತ ದೊಡ್ಡ ಅಪಸ್ವರ ಮತ್ತೊಂದಿಲ್ಲ.

ಸೈಕಲ್ ಸವಾರರು ಆ ರಾತ್ರಿ ಮಳವಳ್ಳಿಯಲ್ಲಿಯೇ ತಂಗಿ ಮುಂಜಾನೆ ಹಿಂದಿರುಗುವಂತಿದ್ದರೆ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ. ಎರಡು ಶಾಲೆಗಳ ಕೊಠಡಿ ತೆರೆದರೆ ಸಾಕು. ಮಳವಳ್ಳಿಯಿಂದ ಗಗನಚುಕ್ಕಿಯವರೆಗಿನ ರಸ್ತೆಯಲ್ಲಿ ಉತ್ಸವದ ಎರಡು ದಿನ ಕಬ್ಬಿನ ಸಾಗಣೆಗೆ ಬೇರೆ ಹೊತ್ತನ್ನು ಗೊತ್ತುಪಡಿಸುವುದು ಸಕ್ಕರೆ ಕಾರ್ಖಾನೆಗಳೊಡನೆ ಮಾತನಾಡಿ ಆಗಬಹುದಾದ ಕೆಲಸ. ಸೈಕಲ್ ನಿಲ್ದಾಣ ವೇದಿಕೆಯ ಪಕ್ಕದಲ್ಲಿರಲಿ, ಕಾರಿನ ನಿಲ್ದಾಣ ದೂರದಲ್ಲಿ. ಈಗಿನ ರೂಢಿ ಇದಕ್ಕೆ ತಿರುವುಮುರುವು.

ಎಲ್ಲರೂ ತುಳಿಯಲಾರರು. ಮಳವಳ್ಳಿಗೆ ರೈಲಿಲ್ಲ, ಮಂಡ್ಯ, ಮದ್ದೂರುಗಳಿಗಿದೆ. ರೈಲಿನ ಹೊತ್ತಿಗೆ ಮದ್ದೂರಿನಿಂದ ಬಸ್ಸು ಹೊರಡುವಂತಾದರೆ ಹೆಂಗಸರು, ವಯಸ್ಸಾದವರು ಕಾರನ್ನು ನೆಚ್ಚಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಬಸ್ಸು ಉಚಿತವಾಗಿದೆ. ಕೊರತೆಯಿರುವುದು ಹೊತ್ತಿಗೆ ಸರಿಯಾದ ಬಸ್ಸಿನದು. ತಾಳಗುಪ್ಪ, ಶಿವಮೊಗ್ಗಗಳ ಕಡೆಯಿಂದ ಮೈಸೂರಿಗೆ ರೈಲಿರುವುದರಿಂದ ಮಲೆನಾಡಿನ ವಿದ್ಯಾರ್ಥಿಗಳಿಗೂ ಇದೇ ದಾರಿ ತೆರೆಯುತ್ತದೆ. ವ್ಯಾನು ಗೊತ್ತುಮಾಡಿಕೊಂಡು ರಾತ್ರಿಯಿಡೀ ಘಟ್ಟ ಇಳಿದು ಹೋಗುವುದಕ್ಕಿಂತ ಅಗ್ಗವೂ ಹೌದು. ಮದ್ದೂರು ನಿಲ್ದಾಣದಲ್ಲಿ ಉತ್ಸವದ ದಿನಗಳಿಗೆ ಬಾಡಿಗೆ ಸೈಕಲ್ ಸಿಗುವುದಾದರೆ ಊರಿನ ಸೈಕಲ್ ಅಂಗಡಿಗಳಿಗೂ ನಾಲ್ಕು ಕಾಸು ಹುಟ್ಟೀತು.

ವೇದಿಕೆಯ ಗುತ್ತಿಗೆ ನಿಗದಿಯಾಗಿ ಕಲಾವಿದರಿಗೆ ಹೊತ್ತು ಕೊಟ್ಟ ಮೇಲೆ ವೇಳಾಪಟ್ಟಿಯನ್ನು ಯಾರೂ ತಿದ್ದುವುದಿಲ್ಲ. ಹಗಲಿನ ಕಛೇರಿ, ಮಳವಳ್ಳಿಯ ತಂಗುದಾಣ, ಮದ್ದೂರಿನ ಬಸ್ಸು, ಈ ಮೂರನ್ನು ಕೇಳುವ ಮನವಿ ಅಣೆಕಟ್ಟು ತುಂಬುವ ಮೊದಲೇ, ಮೇ ತಿಂಗಳಿನೊಳಗೆ, ಮಂಡ್ಯ ಜಿಲ್ಲಾಧಿಕಾರಿಗಳ ಕಚೇರಿಯನ್ನು ತಲುಪಿರಬೇಕು.