ಹಾಡುವವನಿಗೆ ರಾಜಕೀಯ ಯಾಕೆ ಅನ್ನುವವರಿಗೆ

"ಹಾಡುವವನು ಹಾಡಿಕೊಂಡಿರಲಿ, ರಾಜಕೀಯ ಯಾಕೆ?" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಲೆಬನಾನಿನ ಮಾರ್ಸೆಲ್ ಖಲೀಫೆ ನೆನಪಾಗುತ್ತಾರೆ.

ಅಂತರ್ಯುದ್ಧದ ನಡುವೆ, 1976ರಲ್ಲಿ, ಊದ್ ಹಿಡಿದು 'ಅಲ್ ಮಯಾದೀನ್' ತಂಡ ಕಟ್ಟಿದವರು. ಪ್ಯಾಲೆಸ್ತೀನಿನ ಕವಿ ಮಹಮೂದ್ ದರ್ವೀಶರ ಕವಿತೆಗಳಿಗೆ ರಾಗ ಹಾಕಿ ಜನರ ಬಾಯಿಗೆ ತಂದವರು. ಅಣ್ಣಂದಿರೇ ಬಾವಿಗೆ ತಳ್ಳಿದ ಯೂಸುಫ್ ತನ್ನಪ್ಪನ ಹತ್ತಿರ ದುಃಖ ತೋಡಿಕೊಳ್ಳುವ ಕವಿತೆಯೂ ಅದರಲ್ಲೊಂದು. ಸೋದರರೇ ಕೈಬಿಟ್ಟ ಪ್ಯಾಲೆಸ್ತೀನಿಯ ಅಳಲು ಅದು. ಕೊನೆಯಲ್ಲಿ ಕುರಾನಿನ ಒಂದು ತುಣುಕಿದೆ ಅಂತ, ಧರ್ಮನಿಂದನೆ ಆರೋಪ ಹೊರಿಸಿ 1999ರಲ್ಲಿ ಖಲೀಫೆಯನ್ನು ಬೇರೂತಿನ ಕೋರ್ಟಿಗೆ ಎಳೆದರು. ಅದೇ ಡಿಸೆಂಬರಿನಲ್ಲಿ ಖುಲಾಸೆಯಾಯಿತು, ಆ ಮಾತು ಬೇರೆ.

ಗಮನಿಸಿ, ಕವಿತೆ ಎಷ್ಟೋ ವರ್ಷ ಮೊದಲೇ ಪುಸ್ತಕದಲ್ಲಿತ್ತು. ಕಟಕಟೆಗೆ ಕರೆದದ್ದು ಹಾಡಿದವರನ್ನು! ರಾಗದ ಶಕ್ತಿ ಧರ್ಮದ ಗುತ್ತಿಗೆದಾರರಿಗೆ ಗೊತ್ತು, ನಮಗೇ ಗೊತ್ತಿಲ್ಲ. ಹಾಡು ಬರೀ ಟೈಮ್‌ಪಾಸ್ ಆಗಿದ್ದರೆ ಕೋರ್ಟು ಯಾಕೆ ಬೇಕಿತ್ತು, ನೀವೇ ಹೇಳಿ.